ಕ್ಯಾಲಿಫೋರ್ನಿಯಾದ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದವರು, ಮಕ್ಕಳ ಮನೆಗೆ ಆರು ತಿಂಗಳಿಗೆಂದು ಬಂದ ಅಪ್ಪ-ಅಮ್ಮಂದಿರು, ಲಾಂಗ್ ವೀಕೆಂಡ್ ಬಂದರೆ ಎಲ್ಲಿಗೆ ಹೋಗೋಣ ಅಂತ ತಲೆ ಕೆಡಿಸಿಕೊಳ್ಳುವವರು ಕೇಳುವ ಪ್ರಶ್ನೆಗಳು ಇವು. ಕೆಲವು ಉತ್ತರ ಉದ್ದ ಇವೆ, ಕೆಲವು ಗಿಡ್ಡ. ಬೇಕಾದ್ದನ್ನು ಓದಿ, ಬೇಡದ್ದನ್ನು ದಾಟಿ ಹೋಗಿ.

ಈ ಹೆಗ್ಗುರುತು ಅಂದರೆ ಏನು? ಯಾರು ಕೊಡುತ್ತಾರೆ?

ಇಡೀ ಅಮೆರಿಕದ ಚರಿತ್ರೆಗೆ ಮುಖ್ಯವಾದ ಜಾಗ ಅಂತ ಅಲ್ಲಿನ ಕೇಂದ್ರ ಸರ್ಕಾರ ಒಪ್ಪಿದ ಕಟ್ಟಡ, ಹಡಗು, ಊರು, ಬಯಲು, ಏನು ಬೇಕಾದರೂ ಆಗಬಹುದು. ಅಲ್ಲಿ ಇದನ್ನು ನ್ಯಾಷನಲ್ ಹಿಸ್ಟಾರಿಕ್ ಲ್ಯಾಂಡ್‌ಮಾರ್ಕ್ ಅನ್ನುತ್ತಾರೆ. ಕೆಲಸವನ್ನೆಲ್ಲ ಮಾಡುವುದು ನ್ಯಾಷನಲ್ ಪಾರ್ಕ್ ಸರ್ವೀಸ್. ಕೊನೆಯ ಸಹಿ ಇಂಟೀರಿಯರ್ ಇಲಾಖೆಯ ಸೆಕ್ರೆಟರಿಯದು. ನಮ್ಮ ಲೆಕ್ಕದಲ್ಲಿ ಅವರು ಕೇಂದ್ರ ಮಂತ್ರಿ.

ಇದಕ್ಕೆ ಆಧಾರ 1935ರ ಒಂದು ಕಾನೂನು. ಪಟ್ಟಿ ಮಾಡಲು ಶುರುವಾದದ್ದು 1960ರಲ್ಲಿ. ದೇಶದಲ್ಲಿ ಈಗ 2,600ಕ್ಕೂ ಜಾಸ್ತಿ ಹೆಗ್ಗುರುತುಗಳಿವೆ. ಕ್ಯಾಲಿಫೋರ್ನಿಯಾದ ಪಾಲು 140ಕ್ಕೂ ಹೆಚ್ಚು. ಇದು ಮೊದಲ ಸ್ಥಾನವಲ್ಲ, ಅತಿ ಹೆಚ್ಚು ಇರುವುದು ನ್ಯೂಯಾರ್ಕ್ ರಾಜ್ಯದಲ್ಲಿ.

ನ್ಯಾಷನಲ್ ರಿಜಿಸ್ಟರ್ ಅಂತಲೂ ಒಂದಿದೆಯಲ್ಲ? ಎರಡೂ ಒಂದೇನಾ?

ಅಲ್ಲ. ನ್ಯಾಷನಲ್ ರಿಜಿಸ್ಟರ್ ದೊಡ್ಡ ಪಟ್ಟಿ. ಒಂದು ಊರಿಗೋ ಒಂದು ಜಿಲ್ಲೆಗೋ ಮುಖ್ಯವಾದ ಜಾಗಕ್ಕೂ ಅದರಲ್ಲಿ ಎಡೆ ಇದೆ. ದೇಶದ ಮಟ್ಟದಲ್ಲಿ ಮುಖ್ಯ ಅನಿಸಿದ್ದಷ್ಟೇ ಲ್ಯಾಂಡ್‌ಮಾರ್ಕ್ ಆಗುತ್ತದೆ. ಲ್ಯಾಂಡ್‌ಮಾರ್ಕ್ ಆದದ್ದೆಲ್ಲ ತಾನಾಗಿಯೇ ರಿಜಿಸ್ಟರ್‌ಗೆ ಸೇರುತ್ತದೆ, ಆದರೆ ರಿಜಿಸ್ಟರ್‌ನಲ್ಲಿ ಇದ್ದದ್ದೆಲ್ಲ ಲ್ಯಾಂಡ್‌ಮಾರ್ಕ್ ಅಲ್ಲ.

ಇದರ ಜೊತೆಗೆ ಕ್ಯಾಲಿಫೋರ್ನಿಯಾ ರಾಜ್ಯದ್ದೇ ಒಂದು ಪಟ್ಟಿ ಇದೆ. ಒಂದೊಂದು ಜಾಗಕ್ಕೂ ಒಂದೊಂದು ನಂಬರು. ಸ್ಯಾನ್ ಫ್ರಾನ್ಸಿಸ್ಕೋ, ಲಾಸ್ ಏಂಜಲೀಸ್‌ನಂಥ ನಗರಗಳಿಗೆ ಅವುಗಳದ್ದೇ ಬೇರೆ ಪಟ್ಟಿ. ನ್ಯಾಷನಲ್ ಪಾರ್ಕ್, ನ್ಯಾಷನಲ್ ಮಾನ್ಯುಮೆಂಟ್ ಅಂದರೆ ಕೇಂದ್ರವೇ ನಡೆಸುವ ಜಾಗಗಳು. ಲ್ಯಾಂಡ್‌ಮಾರ್ಕ್‌ಗಳಲ್ಲಿ ಬಹುಪಾಲು ಹಾಗಲ್ಲ. ಖಾಸಗಿಯವರದ್ದು, ರಾಜ್ಯದ್ದು, ಚರ್ಚಿನದ್ದು, ಯೂನಿವರ್ಸಿಟಿಯದ್ದು, ಹೀಗೆ ಯಾರದ್ದೋ ಆಸ್ತಿ.

ಗೋಲ್ಡನ್ ಗೇಟ್ ಸೇತುವೆ ಪಟ್ಟಿಯಲ್ಲಿ ಇದೆ ಅಲ್ವಾ?

ಇಲ್ಲ! ಎಲ್ಲರೂ ಮೊದಲು ಕೇಳುವುದೇ ಇದನ್ನು. 1937ರಲ್ಲಿ ತೆರೆದ ಆ ಸೇತುವೆ ರಾಜ್ಯದ ಪಟ್ಟಿಯಲ್ಲಿದೆ, ನಗರದ ಪಟ್ಟಿಯಲ್ಲಿದೆ, ಕೇಂದ್ರದ ಲ್ಯಾಂಡ್‌ಮಾರ್ಕ್ ಪಟ್ಟಿಯಲ್ಲಿ ಮಾತ್ರ ಇಲ್ಲ. ಅದರ ದಕ್ಷಿಣ ತುದಿಯಲ್ಲಿರುವ ಪ್ರೆಸಿಡಿಯೋ ಎಂಬ ಹಳೇ ಸೇನಾ ನೆಲೆ ಇದೆ, 1962ರಿಂದ. ಹಾಲಿವುಡ್ ಅಕ್ಷರಗಳೂ ಇಲ್ಲ. ಸ್ಯಾನ್ ಹೋಸೆಯ ವಿಂಚೆಸ್ಟರ್ ಮಿಸ್ಟರಿ ಹೌಸ್ ರಿಜಿಸ್ಟರ್‌ನಲ್ಲಿದೆ, ಇದರಲ್ಲಿ ಇಲ್ಲ. ಎಚ್‌ಪಿ ಕಂಪನಿ ಹುಟ್ಟಿದ ಪಾಲೋ ಆಲ್ಟೋದ ಪ್ರಸಿದ್ಧ ಗ್ಯಾರೇಜಿನದ್ದೂ ಅದೇ ಕಥೆ.

ಫೋಟೋ ಚೆನ್ನಾಗಿ ಬರುವ ಜಾಗಗಳ ಪಟ್ಟಿ ಅಂದುಕೊಂಡು ಹೊರಟರೆ ನಿರಾಸೆ ಖಂಡಿತ.

ಹಾಗಾದರೆ ಏನು ನೋಡಿ ಆರಿಸುತ್ತಾರೆ?

ಅಲ್ಲಿ ಏನು ನಡೆಯಿತು, ಅದು ದೇಶಕ್ಕೆ ಯಾಕೆ ಮುಖ್ಯ, ಆ ಕಾಲದ ಗುರುತು ಇನ್ನೂ ಉಳಿದಿದೆಯಾ ಅಂತ ನೋಡುತ್ತಾರೆ. ದೊಡ್ಡ ಘಟನೆ, ದೊಡ್ಡ ವ್ಯಕ್ತಿ, ವಾಸ್ತುಶಿಲ್ಪ, ಪುರಾತತ್ವ, ಹೀಗೆ ಆರು ಬಗೆಯ ಅಳತೆಗಳಿವೆ. ಒಂದು ಹೊಂದಿದರೆ ಸಾಕು. ಚೆಂದ ಇರಲೇಬೇಕು ಅಂತ ಎಲ್ಲೂ ಇಲ್ಲ.

ಬರ್ಕ್ಲಿ ಯೂನಿವರ್ಸಿಟಿಯ ಗಿಲ್ಮನ್ ಹಾಲ್ ನೋಡಿ. ಅಲ್ಲಿ ಹೆಗ್ಗುರುತಾದದ್ದು ಮೇಲಿನ ಮಹಡಿಯ ಒಂದು ರೂಮು, ನಂಬರ್ 307. 1941ರ ಫೆಬ್ರವರಿಯ ಒಂದು ರಾತ್ರಿ ಗ್ಲೆನ್ ಸೀಬೋರ್ಗ್ ಮತ್ತು ಜೊತೆಗಾರರು ಪ್ಲುಟೋನಿಯಂ ಎಂಬ ಹೊಸ ಧಾತುವನ್ನು ಗುರುತಿಸಿದ್ದು ಆ ರೂಮಿನಲ್ಲಿ. ನಾಲ್ಕು ವರ್ಷ ಕಳೆದು ನಾಗಾಸಾಕಿಯ ಮೇಲೆ ಬಿದ್ದ ಬಾಂಬಿನಲ್ಲಿ ಇದ್ದದ್ದು ಅದೇ ಪ್ಲುಟೋನಿಯಂ. ನೋಡಲು ಹೋದರೆ ಅಲ್ಲಿ ಏನೂ ಇಲ್ಲ, ಚಿಕ್ಕ ಲ್ಯಾಬು ಅಷ್ಟೇ. ಆದರೆ ಜಗತ್ತು ಹೊರಳಿದ ರೂಮು ಅದು.

ಇನ್ನೂ ವಿಚಿತ್ರ ಬೇಕಾ? ಸಾಂಟಾ ಕ್ಲಾರಿಟಾ ಹತ್ತಿರ ಪಿಕೋ ಕಣಿವೆಯ ನಂಬರ್ 4 ಎಣ್ಣೆ ಬಾವಿ ಪಟ್ಟಿಯಲ್ಲಿದೆ. 1876ರಲ್ಲಿ ಎಣ್ಣೆ ಕೊಟ್ಟು ಕ್ಯಾಲಿಫೋರ್ನಿಯಾದ ತೈಲ ವ್ಯಾಪಾರಕ್ಕೆ ದಾರಿ ಮಾಡಿದ್ದು ಅದು. ಎಡ್ವರ್ಡ್ಸ್ ವಾಯುನೆಲೆಯ ರಾಜರ್ಸ್ ಎಂಬ ಒಣಗಿದ ಕೆರೆಯ ತಳವೂ ಹೆಗ್ಗುರುತು. ಚಪ್ಪಟೆ ಗಟ್ಟಿ ನೆಲ, ಮೈಲಿಗಟ್ಟಲೆ ಹರಡಿದ ರನ್‌ವೇ. 1947ರಲ್ಲಿ ಶಬ್ದದ ವೇಗ ಮೀರಿ ಹಾರಿದ ಚಕ್ ಯೇಗರ್ ಬಂದು ಇಳಿದದ್ದು ಅಲ್ಲಿಗೆ.

50 ವರ್ಷ ಹಳೆಯದಾಗಿರಬೇಕು ಅನ್ನುತ್ತಾರಲ್ಲ?

ಸಾಮಾನ್ಯವಾಗಿ ಹೌದು. ಆದರೆ ತುಂಬಾ ಮುಖ್ಯ ಅನಿಸಿದರೆ ನಿಯಮ ಸಡಿಲಿಸುತ್ತಾರೆ. ಈಗ ಹೇಳಿದ ರೂಮು 307ಕ್ಕೆ ಹೆಸರು ಬಂದಾಗ, 1965ರಲ್ಲಿ, ಘಟನೆ ನಡೆದು 24 ವರ್ಷ ಆಗಿತ್ತು.

ಸ್ಯಾನ್ ಡಿಯೇಗೋದ ಚಿಕಾನೋ ಪಾರ್ಕ್ ಇನ್ನೊಂದು. ಕೊರೊನಾಡೋ ಸೇತುವೆ ಕಟ್ಟಲು ಮೆಕ್ಸಿಕನ್ ಮೂಲದವರ ಬಡಾವಣೆಯನ್ನೇ ಸೀಳಿದ್ದರು. ಸೇತುವೆ ಕೆಳಗಿನ ಜಾಗದಲ್ಲಿ ಪಾರ್ಕ್ ಮಾಡಿಕೊಡುತ್ತೇವೆ ಅಂತ ಮಾತು ಕೊಟ್ಟಿದ್ದರು. 1970ರ ಏಪ್ರಿಲ್ 22ರಂದು ನೋಡಿದರೆ ಬುಲ್ಡೋಜರ್‌ಗಳು ಬಂದಿವೆ, ಹೈವೇ ಪೊಲೀಸ್ ಠಾಣೆ ಕಟ್ಟಲು! ಜನ ಕೈಗೆ ಕೈ ಹಿಡಿದು ಅಡ್ಡ ನಿಂತರು, ದಿನಗಟ್ಟಲೆ ಜಾಗ ಬಿಡಲಿಲ್ಲ, ಪಾರ್ಕ್ ಪಡೆದೇ ಹೋದರು. ಆಮೇಲೆ ಸೇತುವೆಯ ಕಾಂಕ್ರೀಟ್ ಕಂಬಗಳ ಮೇಲೆಲ್ಲ ಚಿತ್ರ ಬರೆದರು. ಐವತ್ತು ತುಂಬುವ ಮೊದಲೇ, 2017ರ ಜನವರಿಯಲ್ಲಿ, ಇದನ್ನು ಹೆಗ್ಗುರುತು ಅಂತ ಪ್ರಕಟಿಸಿದರು.

ಸ್ಯಾನ್ ಹೋಸೆ ಕಡೆ ಇದ್ದೇವೆ. ಹತ್ತಿರ ಏನಿದೆ?

ಆಲ್ಮಡೆನ್ ಕಡೆ ಮನೆ ಮಾಡಿರುವ ಎಷ್ಟೋ ಜನಕ್ಕೆ ಗೊತ್ತಿಲ್ಲ, ಪಕ್ಕದಲ್ಲೇ ನ್ಯೂ ಆಲ್ಮಡೆನ್ ಇದೆ, 1961ರಿಂದ ಹೆಗ್ಗುರುತು. ಅಲ್ಲಿ ಪಾದರಸದ ಗಣಿ ಇತ್ತು. ಆಗ ಚಿನ್ನದ ಅದಿರಿನಿಂದ ಚಿನ್ನ ಬೇರೆ ಮಾಡಲು ಪಾದರಸ ಬೇಕಿತ್ತು. ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿದ್ದು 1848ರಲ್ಲಿ, ಈ ಗಣಿಯ ಅದಿರು ಏನೆಂದು ಗೊತ್ತಾದದ್ದು 1845ರಲ್ಲೇ. ಅದಕ್ಕೂ ಮುಂಚೆ ಅಲ್ಲಿನ ಒಹ್ಲೋನಿ ಮೂಲನಿವಾಸಿಗಳು ಆ ಕೆಂಪು ಕಲ್ಲಿನಿಂದ ಬಣ್ಣ ಮಾಡಿಕೊಳ್ಳುತ್ತಿದ್ದರು. ಈಗ ಅಲ್ಲಿ ಒಳ್ಳೆಯ ಕೌಂಟಿ ಪಾರ್ಕ್ ಇದೆ, ನಡೆಯುವ ದಾರಿಗಳಿವೆ, ಹಳೇ ಗಣಿ ಮ್ಯಾನೇಜರ್ ಬಂಗಲೆಯಲ್ಲಿ ಮ್ಯೂಸಿಯಂ ಇದೆ. ಆಲ್ಮಡೆನ್, ಗ್ವಾಡಲೂಪೆ ಜಲಾಶಯಗಳ ಮೀನು ತಿನ್ನಬೇಡಿ ಅಂತ ಬೋರ್ಡ್ ಹಾಕಿದ್ದಾರೆ, ಪಾದರಸ ಇನ್ನೂ ನೀರಲ್ಲಿದೆ. ಗಣಿ ಮುಚ್ಚಿದ ಮೇಲೂ ಅದರ ಲೆಕ್ಕ ಮುಗಿಯುವುದಿಲ್ಲ.

ಸ್ಟ್ಯಾನ್‌ಫರ್ಡ್ ಆವರಣದಲ್ಲಿ ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಮಾಡಿದ ಹ್ಯಾನಾ ಹೌಸ್ ಇದೆ. ಜೇನುಗೂಡಿನ ಹಾಗೆ ಆರು ಮೂಲೆಯ ವಿನ್ಯಾಸ. ಮೊಫೆಟ್ ಫೀಲ್ಡ್‌ನಲ್ಲಿ ವಿಮಾನಗಳ ಮಾದರಿ ಪರೀಕ್ಷಿಸುವ ದೊಡ್ಡ ವಿಂಡ್ ಟನಲ್ ಇದೆ. ಮಾರ್ಟಿನೆಜ್‌ನಲ್ಲಿ ಕಾಡು ಬೆಟ್ಟಗಳ ರಕ್ಷಣೆಗೆ ಹೋರಾಡಿದ ಜಾನ್ ಮ್ಯೂರ್ ಮನೆ, ಓಕ್ಲೆಂಡ್‌ನಲ್ಲಿ ಅಧ್ಯಕ್ಷ ರೂಸ್ವೆಲ್ಟ್ ಬಳಸುತ್ತಿದ್ದ ಪೊಟೋಮ್ಯಾಕ್ ಹಡಗು, ಅಲಮೀಡಾದಲ್ಲಿ ಹಾರ್ನೆಟ್ ಎಂಬ ಯುದ್ಧನೌಕೆ. ಚಂದ್ರನಿಂದ ಮರಳಿ ಸಮುದ್ರಕ್ಕೆ ಬಿದ್ದ ಅಪೋಲೋ 11ರ ಮೂವರನ್ನು ಹತ್ತಿಸಿಕೊಂಡದ್ದು ಈ ಹಾರ್ನೆಟ್. ಮಕ್ಕಳಿದ್ದರೆ ಮೊದಲು ಇಲ್ಲಿಗೆ ಹೋಗಿ.

ಸ್ಯಾನ್ ಫ್ರಾನ್ಸಿಸ್ಕೋದ ಕೇಬಲ್ ಕಾರ್ ಕೂಡ ಹೆಗ್ಗುರುತಾ?

ಹೌದು, 1964ರಿಂದ. ಆಂಡ್ರ್ಯೂ ಹ್ಯಾಲಿಡಿ ಇದನ್ನು ಶುರು ಮಾಡಿದ್ದು 1873ರಲ್ಲಿ. ರಸ್ತೆಯ ಕೆಳಗೆ ಸದಾ ಓಡುತ್ತಿರುವ ಉಕ್ಕಿನ ಹಗ್ಗ, ಅದನ್ನು ಹಿಡಿದು ಬಿಟ್ಟು ಮಾಡುವ ಗ್ರಿಪ್‌ಮನ್. ಬಂಡಿಯಲ್ಲಿ ಎಂಜಿನ್ ಇಲ್ಲ. 1947ರಲ್ಲಿ ಮೇಯರ್ ಇದನ್ನೆಲ್ಲ ಕಿತ್ತು ಬಸ್ಸು ಹಾಕೋಣ ಅಂದರು. ಫ್ರೀಡಲ್ ಕ್ಲುಸ್‌ಮನ್ ಎಂಬ ಮಹಿಳೆ ಸಂಘ ಕಟ್ಟಿ ಜನರ ಮತಕ್ಕೆ ಹಾಕಿಸಿದರು, ಮೇಯರ್ ಸೋತರು.

ಚಿನ್ನದ ಕಾಲದ ಊರು ನೋಡಬೇಕು. ಎಲ್ಲಿಗೆ ಹೋಗಲಿ?

ಸ್ಯಾಕ್ರಮೆಂಟೋ ಹತ್ತಿರದ ಕೊಲೋಮಾದಿಂದ ಶುರು ಮಾಡಿ. 1848ರ ಜನವರಿ 24ರಂದು ಜೇಮ್ಸ್ ಮಾರ್ಷಲ್ ಅಲ್ಲಿ ಮರ ಕೊಯ್ಯುವ ಗಿರಣಿಯ ಕಾಲುವೆಯಲ್ಲಿ ಹೊಳೆಯುವ ಚೂರು ಕಂಡ. ಒಂಬತ್ತು ದಿನ ಬಿಟ್ಟು ಮೆಕ್ಸಿಕೋ ಕ್ಯಾಲಿಫೋರ್ನಿಯಾವನ್ನು ಅಮೆರಿಕಕ್ಕೆ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿತು. ಚಿನ್ನದ ಸುದ್ದಿ ಇಬ್ಬರಿಗೂ ಗೊತ್ತಿರಲಿಲ್ಲ! ಮಾರ್ಷಲ್‌ಗೂ ಅದರಿಂದ ಏನೂ ದಕ್ಕಲಿಲ್ಲ, ಬಡವನಾಗಿಯೇ ಸತ್ತ.

ಆದರೆ ಒಂದೇ ಒಂದು ನೋಡುತ್ತೇವೆ ಅಂದರೆ ನಾನು ಹೇಳುವುದು ಬೋಡಿ. ಪೂರ್ವ ಕ್ಯಾಲಿಫೋರ್ನಿಯಾದಲ್ಲಿ, 8,375 ಅಡಿ ಎತ್ತರದ ಬೋಳು ಬೆಟ್ಟದ ನಡುವೆ ಇರುವ ಖಾಲಿ ಊರು. 1859ರಲ್ಲಿ ಚಿನ್ನ ಕಂಡುಹಿಡಿದ ಬೋಡಿ ಎಂಬಾತ ಆ ಚಳಿಗಾಲದ ಹಿಮದಲ್ಲೇ ಸತ್ತ. 1880ರ ಹೊತ್ತಿಗೆ ಊರು ಸಾವಿರಾರು ಜನರಿಂದ, ಸಾಲು ಸಾಲು ಹೆಂಡದಂಗಡಿಗಳಿಂದ ತುಂಬಿತ್ತು. ಚಿನ್ನ ಕಡಿಮೆಯಾದ ಹಾಗೆ ಜನ ಖಾಲಿಯಾದರು. 1932ರ ಬೆಂಕಿಯಲ್ಲಿ ಅರ್ಧಕ್ಕಿಂತ ಹೆಚ್ಚು ಊರು ಹೋಯಿತು. ಈಗ ನೂರರಷ್ಟು ಕಟ್ಟಡ ಉಳಿದಿವೆ. ಇಲ್ಲಿನ ನೀತಿ ನನಗೆ ತುಂಬಾ ಇಷ್ಟ. ರಿಪೇರಿ ಮಾಡಿ ಹೊಸದಾಗಿ ಕಾಣಿಸುವುದಿಲ್ಲ, ಬೀಳಲೂ ಬಿಡುವುದಿಲ್ಲ. ಬಿಟ್ಟು ಹೋದ ಹಾಗೇ ನಿಲ್ಲಿಸುತ್ತಾರೆ. ಕಿಟಕಿಯಲ್ಲಿ ಇಣುಕಿದರೆ ಅಂಗಡಿಯ ಶೆಲ್ಫಿನಲ್ಲಿ ಡಬ್ಬಗಳು, ಶಾಲೆಯಲ್ಲಿ ಡೆಸ್ಕುಗಳು, ಎಲ್ಲದರ ಮೇಲೆ ದಪ್ಪ ಧೂಳು.

ಬೋಡಿಯಿಂದ ಮೊಳೆ, ಗಾಜು ಕದ್ದೊಯ್ದರೆ ಕೇಡು ತಟ್ಟುತ್ತದೆ ಅಂತ ಒಂದು ನಂಬಿಕೆ. ಕದ್ದವರು ಕ್ಷಮೆ ಕೇಳಿ ಪತ್ರದ ಜೊತೆ ಸಾಮಾನು ವಾಪಸ್ ಕಳಿಸುತ್ತಾರೆ. ಶಾಪ ನಿಜವೋ ಸುಳ್ಳೋ, ಕಾವಲಿಗೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಕೊನೆಯ ಮೂರು ಮೈಲಿ ಮಣ್ಣಿನ ರಸ್ತೆ, ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚುತ್ತದೆ.

ಚಿನ್ನ ಅಂದರೆ ನಮಗೆ ಕೆಜಿಎಫ್. ಏನಾದರೂ ನಂಟು ಇದೆಯಾ?

ಕರೆಂಟಿನ ನಂಟು ಇದೆ. ಸ್ಯಾಕ್ರಮೆಂಟೋ ಪಕ್ಕದ ಫೋಲ್ಸಮ್‌ನಲ್ಲಿ 1895ರ ಜಲವಿದ್ಯುತ್ ಕೇಂದ್ರ ಇದೆ, 1981ರಿಂದ ಹೆಗ್ಗುರುತು. ನದಿಯ ಹತ್ತಿರ ಕರೆಂಟ್ ಮಾಡಿ 22 ಮೈಲಿ ದೂರದ ಊರಿಗೆ ತಂತಿಯಲ್ಲಿ ಕಳಿಸಬಹುದು ಅಂತ ಅದು ತೋರಿಸಿಕೊಟ್ಟಿತು. ಜನರೇಟರ್ ಕೊಟ್ಟದ್ದು ಜನರಲ್ ಎಲೆಕ್ಟ್ರಿಕ್ ಕಂಪನಿ. ಏಳು ವರ್ಷ ಕಳೆದು, 1902ರಲ್ಲಿ, ನಮ್ಮ ಶಿವನಸಮುದ್ರದಿಂದ ಕೋಲಾರದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದಾಗಲೂ ವಿದ್ಯುತ್ ಯಂತ್ರಗಳು ಬಂದದ್ದು ಅದೇ ಕಂಪನಿಯಿಂದ. ಫೋಲ್ಸಮ್‌ನಲ್ಲಿ ಹಳೇ ಜನರೇಟರ್‌ಗಳು ಇನ್ನೂ ಕೂತಿವೆ. ಮಂಡ್ಯ, ಕೋಲಾರದ ಕಡೆಯವರು ಒಮ್ಮೆ ನೋಡಲೇಬೇಕು.

ಭಾರತೀಯರ ಕಥೆ ಇರುವ ಜಾಗ ಯಾವುದಾದರೂ ಇದೆಯಾ?

ಇದೆ, ಆದರೆ ಸಿಹಿ ಕಥೆ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಏಂಜಲ್ ಐಲೆಂಡ್. 1910ರಿಂದ 1940ರವರೆಗೆ ಅಲ್ಲಿ ವಲಸೆ ಕಚೇರಿ ಇತ್ತು. ನ್ಯೂಯಾರ್ಕಿನ ಎಲ್ಲಿಸ್ ಐಲೆಂಡ್ ಜೊತೆ ಹೋಲಿಸುತ್ತಾರೆ. ನನಗೆ ಆ ಹೋಲಿಕೆ ಒಪ್ಪಿಗೆ ಇಲ್ಲ. ಎಲ್ಲಿಸ್‌ನಲ್ಲಿ ಬಹಳ ಜನ ಕೆಲವೇ ಗಂಟೆಗಳಲ್ಲಿ ಒಳಗೆ ಹೋದರು. ಇಲ್ಲಿ ಏಷ್ಯಾದವರನ್ನು ವಾರ, ತಿಂಗಳು ಕೂಡಿಹಾಕಿದರು.

1882ರಲ್ಲೇ ಚೀನೀ ಕೂಲಿಗಳು ಬರಬಾರದು ಅಂತ ಕಾನೂನು ಆಗಿತ್ತು. ವ್ಯಾಪಾರಿಗಳು, ವಿದ್ಯಾರ್ಥಿಗಳಂಥ ಕೆಲವರಿಗೆ, ಅಮೆರಿಕದ ಪ್ರಜೆಗಳ ಮಕ್ಕಳಿಗೆ ಮಾತ್ರ ದಾರಿ ಇತ್ತು. 1906ರ ಭೂಕಂಪದ ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜನನ ದಾಖಲೆ ಸುಟ್ಟುಹೋಯಿತು. ಯಾರು ಇಲ್ಲೇ ಹುಟ್ಟಿದ ಪ್ರಜೆ ಅಂತ ತಾಳೆ ನೋಡಲು ದಾಖಲೆಯೇ ಇಲ್ಲ, ಆಗ ಕಾಗದದ ಮೇಲಷ್ಟೇ ಮಕ್ಕಳಾದವರು ಬರತೊಡಗಿದರು. ಅವರನ್ನು ಹಿಡಿಯಲು ಅಧಿಕಾರಿಗಳು ಕೇಳುತ್ತಿದ್ದ ಪ್ರಶ್ನೆಗಳು: ನಿಮ್ಮ ಮನೆಗೆ ಎಷ್ಟು ಮೆಟ್ಟಿಲು? ಮೂರನೇ ಮನೆಯಲ್ಲಿ ಯಾರಿದ್ದಾರೆ? ನಿಜವಾದ ಮಗನೂ ತಪ್ಪು ಹೇಳುವಂಥ ಪ್ರಶ್ನೆಗಳು. ಕಾಯುತ್ತಾ ಕೂತವರು ಮರದ ಗೋಡೆಗಳ ಮೇಲೆ ಚೀನೀ ಪದ್ಯ ಕೆತ್ತಿದರು. ಕಟ್ಟಡ ಕೆಡವುವುದರಲ್ಲಿದ್ದರು. 1970ರಲ್ಲಿ ಪಾರ್ಕ್ ರೇಂಜರ್ ಅಲೆಕ್ಸಾಂಡರ್ ವೈಸ್ ಟಾರ್ಚ್ ಬೆಳಕಿನಲ್ಲಿ ಆ ಅಕ್ಷರ ಕಂಡು ಊರೆಲ್ಲ ಹೇಳಿದ್ದಕ್ಕೆ ಅದು ಉಳಿಯಿತು. 1997ರಲ್ಲಿ ಹೆಗ್ಗುರುತಾಯಿತು.

ಇಲ್ಲಿಗೆ ಬಂದ ಭಾರತೀಯರಲ್ಲಿ ಹೆಚ್ಚಿನವರು ಪಂಜಾಬಿನ ಸಿಖ್ ರೈತರು. ತುಂಬಾ ಜನರನ್ನು ಬಂದ ಹಡಗಿನಲ್ಲೇ ವಾಪಸ್ ಕಳಿಸಿದರು. 1917ರ ಕಾನೂನಿನಿಂದ ಬಾಗಿಲು ಪೂರ್ತಿ ಮುಚ್ಚಿತು. 1915ರಲ್ಲಿ ವೈಷ್ಣೋ ದಾಸ್ ಬಗಾಯ್, ಹೆಂಡತಿ ಕಲಾ ಬಗಾಯ್, ಮೂವರು ಮಕ್ಕಳು ಇಲ್ಲಿ ಇಳಿದರು. ವೈಷ್ಣೋ ದಾಸ್ ಅಮೆರಿಕದ ಪೌರತ್ವ ಪಡೆದರು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಭಾರತೀಯರು ಪೌರರಾಗುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು, ಕೊಟ್ಟ ಪೌರತ್ವವನ್ನೂ ಕಿತ್ತುಕೊಂಡರು. ಆಸ್ತಿ ಹೋಯಿತು, ದೇಶ ಹೋಯಿತು. 1928ರಲ್ಲಿ ವೈಷ್ಣೋ ದಾಸ್ ಪ್ರಾಣ ಬಿಟ್ಟರು, ಕಾರಣ ಬರೆದಿಟ್ಟೇ ಹೋದರು. ಬರ್ಕ್ಲಿಯಲ್ಲಿ ಈಗ ಕಲಾ ಬಗಾಯ್ ಹೆಸರಿನ ರಸ್ತೆ ಇದೆ. ಗ್ರೀನ್ ಕಾರ್ಡ್ ಸಾಲಿನಲ್ಲಿ ಬೇಸತ್ತು ಕೂತವರು ಒಮ್ಮೆ ಫೆರ್ರಿ ಹತ್ತಿ ಈ ದ್ವೀಪ ನೋಡಿ ಬನ್ನಿ.

ಸ್ವಲ್ಪ ಖುಷಿಯ ಕಥೆಯೂ ಒಂದಿದೆ. ಲಾಸ್ ಏಂಜಲೀಸ್‌ನ ಕೊಲೀಸಿಯಂ ಕ್ರೀಡಾಂಗಣ 1984ರಲ್ಲಿ ಹೆಗ್ಗುರುತಾಯಿತು. 1932ರ ಒಲಿಂಪಿಕ್ಸ್ ಹಾಕಿಯಲ್ಲಿ ಭಾರತ ಅಮೆರಿಕವನ್ನು 24-1ರಿಂದ ಬಡಿದದ್ದು ಆ ಮೈದಾನದಲ್ಲೇ. ರೂಪ್ ಸಿಂಗ್ 10 ಗೋಲು, ಅಣ್ಣ ಧ್ಯಾನ್ ಚಂದ್ 8.

ಮಂಜನಾರ್ ಅಂದರೆ ಏನು? ಅಷ್ಟು ದೂರ ಹೋಗಬೇಕಾ?

ಹೋಗಬೇಕು. ಪರ್ಲ್ ಹಾರ್ಬರ್ ದಾಳಿಯಾದ ಮೇಲೆ, 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್ವೆಲ್ಟ್ 9066ನೇ ಆದೇಶಕ್ಕೆ ಸಹಿ ಹಾಕಿದರು. ಸುಮಾರು 1,20,000 ಜಪಾನಿ ಮೂಲದವರನ್ನು ಮನೆ, ಅಂಗಡಿ, ಹೊಲ ಬಿಡಿಸಿ ಶಿಬಿರಗಳಿಗೆ ಸಾಗಿಸಿದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಅಂಥ ಹತ್ತು ದೊಡ್ಡ ಶಿಬಿರಗಳಲ್ಲಿ ಮಂಜನಾರ್ ಒಂದು. ಹೈವೇ 395ರಲ್ಲಿ, ಸಿಯೆರಾ ಬೆಟ್ಟಗಳ ಬುಡದಲ್ಲಿ. ತುಂಬಿದ್ದಾಗ ಅಲ್ಲಿ 10,000ಕ್ಕೂ ಜಾಸ್ತಿ ಜನ ಇದ್ದರು. ಬೇಸಿಗೆಯಲ್ಲಿ ಬೆಂಕಿ ಬಿಸಿಲು, ಚಳಿಗಾಲದಲ್ಲಿ ಕೊರೆಯುವ ಗಾಳಿ, ವರ್ಷವಿಡೀ ಧೂಳು. ಆ ಧೂಳಿನಲ್ಲೂ ಅವರು ಕಲ್ಲು ಜೋಡಿಸಿ ಕೊಳ, ತೋಟ ಮಾಡಿದರು. ಅವು ಇನ್ನೂ ಇವೆ. ಸ್ಮಶಾನದಲ್ಲಿ 1943ರಲ್ಲಿ ಅವರೇ ಕಟ್ಟಿದ ಬಿಳಿ ಸ್ಮಾರಕ ನಿಂತಿದೆ.

1985ರಲ್ಲಿ ಇದು ಹೆಗ್ಗುರುತಾಯಿತು, 1992ರಲ್ಲಿ ಪಾರ್ಕ್ ಸರ್ವೀಸ್ ಕೈಗೆ ಬಂತು. 1988ರಲ್ಲಿ ಸರ್ಕಾರ ಕ್ಷಮೆ ಕೇಳಿ, ಬದುಕಿದ್ದ ಒಬ್ಬೊಬ್ಬರಿಗೆ 20,000 ಡಾಲರ್ ಕೊಟ್ಟಿತು. ಉತ್ತರದ ಟೂಲಿ ಲೇಕ್ ಶಿಬಿರವೂ ಪಟ್ಟಿಯಲ್ಲಿದೆ.

ರಿವರ್‌ಸೈಡ್‌ನ ಹರಾಡಾ ಹೌಸ್ ಇದರ ಹಿಂದಿನ ಅಧ್ಯಾಯ. ಪೌರತ್ವಕ್ಕೆ ಅರ್ಹರಲ್ಲದವರು ಭೂಮಿ ಕೊಳ್ಳುವಂತಿಲ್ಲ ಅಂತ 1913ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ಮಾಡಿತು. ಜುಕಿಚಿ ಹರಾಡಾ 1915ರಲ್ಲಿ ಇಲ್ಲೇ ಹುಟ್ಟಿದ ತನ್ನ ಮಕ್ಕಳ ಹೆಸರಲ್ಲಿ ಮನೆ ಕೊಂಡ. ನೆರೆಹೊರೆಯವರು ತಕರಾರು ಎತ್ತಿದರು, ಸರ್ಕಾರ ಕೋರ್ಟಿಗೆ ಎಳೆಯಿತು, 1918ರಲ್ಲಿ ಹರಾಡಾ ಗೆದ್ದ. ಸ್ಯಾಕ್ರಮೆಂಟೋ ನದಿ ಬಯಲಿನ ಲಾಕ್ ಎಂಬ ಊರನ್ನು ಚೀನೀಯರೇ ಕಟ್ಟಿಕೊಂಡರೂ ನೆಲ ಮಾತ್ರ ಗುತ್ತಿಗೆಯದ್ದು, ಅದಕ್ಕೂ ಕಾರಣ ಇದೇ ಕಾನೂನು. 1923ರ ತೀರ್ಪಿನ ಮೇಲೆ ಪಂಜಾಬಿ ರೈತರಿಗೂ ಇದನ್ನೇ ಹಚ್ಚಿದರು.

ಮಗಳಿಗೆ ನಾಲ್ಕನೇ ಕ್ಲಾಸಿನಲ್ಲಿ ಮಿಷನ್‌ಗಳ ಪಾಠ ಇದೆ. ಯಾವುದನ್ನು ತೋರಿಸಲಿ?

ಮೂಲನಿವಾಸಿಗಳನ್ನು ಮತಾಂತರ ಮಾಡಲು 1769ರಿಂದ 1823ರ ನಡುವೆ ಸ್ಪೇನಿನ ಪಾದ್ರಿಗಳು ಕಟ್ಟಿದ ಚರ್ಚ್ ನೆಲೆಗಳೇ ಮಿಷನ್‌ಗಳು, ಒಟ್ಟು 21. ಕೆಲವು ಮಾತ್ರ ಹೆಗ್ಗುರುತುಗಳು. ಕಾರ್ಮೆಲ್, ಸಾಂಟಾ ಬಾರ್ಬರಾ, ಲಾ ಪುರಿಸಿಮಾ ಅವುಗಳಲ್ಲಿ ಮುಖ್ಯ. ಕೆಲಸ ಹೇಗೆ ನಡೆಯುತ್ತಿತ್ತು ಅಂತ ಮಕ್ಕಳಿಗೆ ತಿಳಿಯಬೇಕಾದರೆ ಲಾ ಪುರಿಸಿಮಾ ಒಳ್ಳೆಯದು. ಅಲ್ಲಿ ಇಡೀ ಆವರಣವನ್ನು ಮತ್ತೆ ಕಟ್ಟಿದ್ದಾರೆ.

ಆದರೆ ಮಗಳಿಗೆ ಬರೀ ಗಂಟೆ ಗೋಪುರ ತೋರಿಸಿ ಕರೆತರಬೇಡಿ. ದುಡಿದದ್ದು ಮೂಲನಿವಾಸಿಗಳು. ಹೊರಗಿನಿಂದ ಬಂದ ರೋಗಗಳಿಂದ, ಬಲವಂತದ ದುಡಿಮೆಯಿಂದ ಸಾವಿರಗಟ್ಟಲೆ ಸತ್ತವರೂ ಅವರೇ. ಅವರ ಕಡೆಯ ಕಥೆಗೆ ಎರಡು ಜಾಗ ಇವೆ.

ಒಂದು ಯುರೇಕಾ ಊರಿನ ಎದುರು ಹಂಬೋಲ್ಟ್ ಕೊಲ್ಲಿಯಲ್ಲಿರುವ ಟುಲುವಾಟ್ ದ್ವೀಪ. ವಿಯೋಟ್ ಜನರಿಗೆ ಅದು ಜಗತ್ತಿನ ನಡು. 1860ರ ಫೆಬ್ರವರಿ 26ರಂದು, ವಾರ್ಷಿಕ ಆಚರಣೆಗೆ ಸೇರಿದ್ದ ಹೆಂಗಸರು, ಮಕ್ಕಳು, ಮುದುಕರನ್ನು ಬಿಳಿಯರ ಗುಂಪೊಂದು ಮಲಗಿದ್ದಲ್ಲೇ ಕೊಂದಿತು. 2019ರಲ್ಲಿ ಯುರೇಕಾ ನಗರ ದ್ವೀಪದ ತನ್ನ ಪಾಲನ್ನು ವಿಯೋಟ್ ಜನರಿಗೆ ಮರಳಿ ಕೊಟ್ಟಿತು.

ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಜೈಲು ದ್ವೀಪ ಅಲ್ಕಟ್ರಾಜ್. ಎಲ್ಲರೂ ಕುಖ್ಯಾತ ಗ್ಯಾಂಗ್‌ಸ್ಟರ್ ಅಲ್ ಕಪೋನ್ ಕೋಣೆ ನೋಡಲು ಹೋಗುತ್ತಾರೆ. ಕೇಂದ್ರ ಸರ್ಕಾರದ ಆ ಜೈಲು ಅಲ್ಲಿದ್ದದ್ದು 1934ರಿಂದ 1963ರವರೆಗೆ ಮಾತ್ರ. ಅದಕ್ಕೂ ಮುಂಚೆ, 1895ರಲ್ಲಿ, ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸಲು ಒಪ್ಪದ 19 ಹೋಪಿ ಗಂಡಸರನ್ನು ಅಲ್ಲಿ ಬಂಧಿಸಿ ಇಟ್ಟಿದ್ದರು. 1969ರ ನವೆಂಬರಿನಿಂದ 1971ರ ಜೂನ್‌ವರೆಗೆ ಹಲವು ಬುಡಕಟ್ಟುಗಳ ಯುವಕ ಯುವತಿಯರು ದ್ವೀಪ ಹಿಡಿದು ಕೂತರು. ಬೆಲೆಯಾಗಿ 24 ಡಾಲರ್‌ನ ಗಾಜಿನ ಮಣಿ, ಕೆಂಪು ಬಟ್ಟೆ ಕೊಡುತ್ತೇವೆ ಅಂದರು. ಮೂಲನಿವಾಸಿಗಳಿಂದ ಬಿಳಿಯರು ಅಷ್ಟೇ ಬೆಲೆಗೆ ನ್ಯೂಯಾರ್ಕಿನ ಮ್ಯಾನ್‌ಹಟನ್ ಕೊಂಡರು ಎಂಬ ಕಥೆಗೆ ಕೊಟ್ಟ ತಿರುಗೇಟು ಅದು. ನೀರಿನ ಟ್ಯಾಂಕಿನ ಮೇಲಿನ ಅವರ ಕೆಂಪು ಬರಹ ದೋಣಿಯಿಂದಲೇ ಕಾಣುತ್ತದೆ.

ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಒಂದೇ ನೋಡುವುದಾದರೆ?

ವಾಟ್ಸ್ ಟವರ್ಸ್. ಇಟಲಿಯಿಂದ ಬಂದ ಸೈಮನ್ ರೋಡಿಯಾ ಎಂಬ ಕೂಲಿಗಾರ 1921ರಿಂದ 1954ರವರೆಗೆ, ಕೆಲಸ ಮುಗಿದ ಮೇಲೆ ಸಂಜೆ ಹೊತ್ತು, ಒಬ್ಬನೇ ಕಟ್ಟಿದ ಗೋಪುರಗಳು. ಕಬ್ಬಿಣದ ಸರಳು, ಸಿಮೆಂಟು, ಮೇಲೆ ಒಡೆದ ಪಿಂಗಾಣಿ, ಸೀಸೆ ಚೂರು, ಕಪ್ಪೆಚಿಪ್ಪು. ಎತ್ತರದ್ದು ಹತ್ತಿರಹತ್ತಿರ 100 ಅಡಿ. ಮುಗಿಸಿ ಪಕ್ಕದ ಮನೆಯವನಿಗೆ ಜಾಗ ಕೊಟ್ಟು ಊರು ಬಿಟ್ಟ. ಇದು ಬೀಳುತ್ತದೆ, ಕೆಡವಬೇಕು ಅಂತ ನಗರಸಭೆ ಹಟ ಹಿಡಿಯಿತು. 1959ರಲ್ಲಿ ಕ್ರೇನ್ ಕಟ್ಟಿ 10,000 ಪೌಂಡ್ ಬಲ ಹಾಕಿ ಎಳೆದರು. ಗೋಪುರ ಅಲ್ಲಾಡಲಿಲ್ಲ, ಕ್ರೇನ್ ಬಾಗಿತು.

ಸಮಯ ಇದ್ದರೆ ಡೌನ್‌ಟೌನ್‌ನ ಬ್ರಾಡ್‌ಬರಿ ಕಟ್ಟಡದ ಒಳಾಂಗಣ, ಪಾಸಡೀನಾದ ಗ್ಯಾಂಬಲ್ ಹೌಸ್ ಸೇರಿಸಿಕೊಳ್ಳಿ.

ಹೆಗ್ಗುರುತಿನಲ್ಲೇ ರಾತ್ರಿ ತಂಗಬಹುದಾ?

ದುಡ್ಡಿದ್ದರೆ ಧಾರಾಳವಾಗಿ. ಸ್ಯಾನ್ ಡಿಯೇಗೋ ಎದುರಿನ ಹೋಟೆಲ್ ಡೆಲ್ ಕೊರೊನಾಡೋ, ರಿವರ್‌ಸೈಡ್‌ನ ಮಿಷನ್ ಇನ್, ಯೋಸೆಮಿಟಿಯ ಅವಾನಿ ಮೂರೂ ಪಟ್ಟಿಯಲ್ಲಿವೆ. ಸ್ವಲ್ಪ ಕಡಿಮೆ ಖರ್ಚಿಗೆ ಪೆಸಿಫಿಕ್ ಗ್ರೋವ್‌ನ ಅಸಿಲೊಮಾರ್ ನೋಡಿ. ಜೂಲಿಯಾ ಮೋರ್ಗನ್ ವಿನ್ಯಾಸ ಮಾಡಿದ ಮರ-ಕಲ್ಲಿನ ಕಟ್ಟಡಗಳು, ಪಕ್ಕದಲ್ಲೇ ಸಮುದ್ರ. ಹರ್ಸ್ಟ್ ಕ್ಯಾಸಲ್ ಕಟ್ಟಿದ್ದೂ ಅವರೇ.

ಟಿಕೆಟ್, ವಯಸ್ಸಾದವರು, ಮಕ್ಕಳು: ಏನು ತಿಳಿದಿರಬೇಕು?

ಮಂಜನಾರ್‌ಗೆ ಪ್ರವೇಶ ಉಚಿತ. ಅಲ್ಕಟ್ರಾಜ್ ದೋಣಿ ಟಿಕೆಟ್ ವಾರಗಳ ಮೊದಲೇ ಬುಕ್ ಮಾಡಿ. ನ್ಯಾಷನಲ್ ಪಾರ್ಕ್ ಪಾಸ್ ಆ ದೋಣಿಗೆ ನಡೆಯುವುದಿಲ್ಲ. ಬೋಡಿ, ಕೊಲೋಮಾ, ಏಂಜಲ್ ಐಲೆಂಡ್ ರಾಜ್ಯದ ಪಾರ್ಕ್‌ಗಳು, ಅಲ್ಲೂ ಕೇಂದ್ರದ ಪಾಸ್ ತೋರಿಸಿ ಪ್ರಯೋಜನ ಇಲ್ಲ. ಅಲ್ಕಟ್ರಾಜ್‌ನ ಏರು ಕಡಿದು, ಮಂಡಿ ನೋವು ಇರುವವರಿಗೆ ಟ್ರಾಮ್ ಇದೆ, ಕೇಳಿ ಹತ್ತಿಸಿ. ಬೋಡಿಯಲ್ಲಿ ಎತ್ತರಕ್ಕೆ ಉಸಿರು ಕಟ್ಟಬಹುದು, ಊಟ ಸಿಗುವುದಿಲ್ಲ, ಬುತ್ತಿ ಕಟ್ಟಿಕೊಂಡು ಹೋಗಿ. ತುಂಟ ಮಕ್ಕಳಿಗೆ ಚರಿತ್ರೆ ಬೇಡ ಅಂದರೆ ಸಾಂಟಾ ಕ್ರೂಜ್ ಬೋರ್ಡ್‌ವಾಕ್‌ನ 1924ರ ಜೈಂಟ್ ಡಿಪ್ಪರ್ ರೋಲರ್ ಕೋಸ್ಟರ್ ಹತ್ತಿಸಿ. ಅದೂ ಹೆಗ್ಗುರುತೇ!

ಹೆಗ್ಗುರುತಾದ ಮೇಲೆ ಮಾಲೀಕರು ಕೆಡವುವಂತಿಲ್ಲ ಅಲ್ವಾ?

ಕೆಡವಬಹುದು. ನಮ್ಮವರಿಗೆ ಇದು ನಂಬಲು ಕಷ್ಟ. ಹಂಪಿ, ಹಳೇಬೀಡಿನಲ್ಲಿ ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಮನೆ ಕಟ್ಟುವಂತಿಲ್ಲ, ಅದರಾಚೆ 200 ಮೀಟರಿಗೆ ಅನುಮತಿ ಬೇಕು. ಅಮೆರಿಕದ ಈ ಬಿರುದಿನಲ್ಲಿ ಅಂಥ ಬಿಗಿ ಇಲ್ಲ. ಖಾಸಗಿ ಮಾಲೀಕ ತನ್ನ ದುಡ್ಡಿನಲ್ಲಿ ಏನು ಮಾಡಿದರೂ ಕೇಂದ್ರ ತಡೆಯುವುದಿಲ್ಲ. ಕೇಂದ್ರದ ಹಣ ಅಥವಾ ಪರವಾನಗಿ ಬೇಕಾದ ಕೆಲಸ ಆದರೆ ಮಾತ್ರ ಹಾನಿಯ ಪರಿಶೀಲನೆ ಆಗಬೇಕು. ನಿಜವಾದ ಕಡಿವಾಣ ಇರುವುದು ನಗರ, ಕೌಂಟಿ ಕಾನೂನುಗಳಲ್ಲಿ. ಮಾಲೀಕ ಬೇಡ ಅಂದರೆ, 1980ರಿಂದ, ಬಿರುದು ಕೊಡುವುದೂ ಇಲ್ಲ.

ಸಿಗುವುದು ಏನು? ಒಂದು ಕಂಚಿನ ಫಲಕ, ಕೆಲವು ಅನುದಾನಗಳಿಗೆ ಅರ್ಹತೆ, ಆದಾಯ ತರುವ ಕಟ್ಟಡವನ್ನು ನಿಯಮದಂತೆ ದುರಸ್ತಿ ಮಾಡಿದರೆ ಖರ್ಚಿನ ಶೇ 20ರಷ್ಟು ತೆರಿಗೆ ರಿಯಾಯಿತಿ.

ಬಿರುದು ಹೋಗಲೂಬಹುದು. ಮರ ಸಾಗಿಸುತ್ತಿದ್ದ 1915ರ ವಪಾಮಾ ಹಡಗು 1984ರಲ್ಲಿ ಹೆಗ್ಗುರುತಾಗಿತ್ತು. ವರ್ಷಗಟ್ಟಲೆ ಬೇ ಏರಿಯಾದಲ್ಲಿ ಕೊಳೆಯುತ್ತಾ ನಿಂತಿತು, ರಿಪೇರಿಗೆ ಬೇಕಾದಷ್ಟು ಹಣ ಹುಟ್ಟಲಿಲ್ಲ. 2013ರಲ್ಲಿ ಒಡೆದು ಹಾಕಿದರು, ಹೆಸರನ್ನು ಪಟ್ಟಿಯಿಂದ ತೆಗೆದರು.

ನಾವೇ ಒಂದು ಜಾಗ ಸೂಚಿಸಬಹುದಾ?

ಯಾರು ಬೇಕಾದರೂ ಸೂಚಿಸಬಹುದು, ಅಮೆರಿಕದ ಪ್ರಜೆಯೇ ಆಗಿರಬೇಕು ಅಂತಿಲ್ಲ. ಮೊದಲು ಪಾರ್ಕ್ ಸರ್ವೀಸ್‌ಗೆ ಪತ್ರ ಬರೆದು, ಈ ಜಾಗ ದೇಶಕ್ಕೇ ಯಾಕೆ ಮುಖ್ಯ ಅಂತ ತಿಳಿಸಬೇಕು. ಅವರು ಒಪ್ಪಿದರೆ ಉದ್ದದ ಅರ್ಜಿ. ಜಾಗದ ಚರಿತ್ರೆ, ನಕ್ಷೆ, ಫೋಟೋ, ಅಂಥದ್ದೇ ಬೇರೆ ಜಾಗಗಳ ಜೊತೆ ಹೋಲಿಕೆ ಎಲ್ಲ ಬೇಕು. ಆಮೇಲೆ ತಜ್ಞರ ಸಮಿತಿ, ಸಲಹಾ ಮಂಡಳಿ, ಕೊನೆಗೆ ಸೆಕ್ರೆಟರಿ ಸಹಿ. ಸಾಮಾನ್ಯವಾಗಿ ಎರಡರಿಂದ ಐದು ವರ್ಷ ಹಿಡಿಯುತ್ತದೆ.

ನನ್ನನ್ನು ಕೇಳಿದರೆ ನಾನು ಸೂಚಿಸುವುದು ಸ್ಟಾಕ್‌ಟನ್‌ನ ಗುರುದ್ವಾರ. 1912ರಲ್ಲಿ ಶುರುವಾದ ಅದು ಅಮೆರಿಕದ ಮೊದಲ ಗುರುದ್ವಾರ, ಭಾರತದ ಸ್ವಾತಂತ್ರ್ಯಕ್ಕೆ ಹೋರಾಡಿದ ಗದರ್ ಚಳವಳಿಯವರು ಸೇರುತ್ತಿದ್ದ ಜಾಗ. ಕ್ಯಾಲಿಫೋರ್ನಿಯಾದ ಈ ಪಟ್ಟಿಯಲ್ಲಿ ಭಾರತೀಯರೇ ಕಟ್ಟಿದ ಜಾಗ ಇನ್ನೂ ಒಂದೂ ಇಲ್ಲ.